ಚಕ್ರ ನೆಲಕ್ಕೂರಿದ ಮೇಲೆ

"ಓಲಾಡಿದ್ದು ಕಾರು, ನಾನಲ್ಲ" ಎಂದರು ಆ ಅಮ್ಮ, ಗ್ಯಾರೇಜಿನ ಬಾಗಿಲಲ್ಲೇ ನಿಂತು ಕೀಲಿಯನ್ನು ನನ್ನ ಅಂಗೈಗೆ ಹಾಕುತ್ತಾ. ನಮಸ್ಕಾರವಿಲ್ಲ, ಹೇಗಿದ್ದೀಯಪ್ಪಾ ಎಂಬುದಿಲ್ಲ. ಎಂಬತ್ತರ ಹತ್ತಿರದ ವಯಸ್ಸು, ಕತ್ತರಿಸಿದ ಬಿಳಿ ಕೂದಲು, ಸೀರೆಯ ಮೇಲೆ ಸ್ವೆಟರು, ಕಾಲಿಗೆ ಓಡುವವರ ಶೂ. ಹಾಸನದ ಕಡೆಯವರು. ಅಮೆರಿಕದ ಆಸ್ಪತ್ರೆಗಳಲ್ಲಿ ನರ್ಸಾಗಿ ದುಡಿದು ನಿವೃತ್ತರಾಗಿ ಬೆಟ್ಟದ ಬಡಾವಣೆಯಾದ ಎವರ್‌ಗ್ರೀನ್‌ನಲ್ಲಿ ಒಬ್ಬರೇ ಇದ್ದಾರೆ. ನಮ್ಮ ಕಡೆಯವರಲ್ಲಿ ಹಳೆಯ ಕಾರು ಇಟ್ಟುಕೊಂಡವರೆಲ್ಲ ಒಬ್ಬರಿಂದ ಒಬ್ಬರು ಕೇಳಿ ಸ್ಯಾನ್ ಹೋಸೆಯ ನನ್ನ ಗ್ಯಾರೇಜಿಗೆ ಬರುವುದು ವಾಡಿಕೆ. ಅವರೂ ಹಾಗೇ ಬಂದಿದ್ದರು.

ಕಾರು ಹೊರಗೆ ನಿಂತಿತ್ತು. ಅರವತ್ತರ ದಶಕದ ಅಮೆರಿಕನ್ ಸೆಡಾನು, ತಿಳಿ ಹಸಿರು ಬಣ್ಣ, ಇಬ್ಬರು ಕಾಲು ಚಾಚಿ ಮಲಗಬಹುದಾದಷ್ಟು ಉದ್ದದ ಬಾನೆಟ್ಟು. ಬಂದ ಹೊಸದರಲ್ಲಿ ಸೆಕೆಂಡ್ ಹ್ಯಾಂಡಿಗೆ ಕೊಂಡಿದ್ದಂತೆ. ಅಂದಿನಿಂದ ಬೇರೆ ಕಾರಿನ ಸ್ಟೀರಿಂಗು ಮುಟ್ಟಿಲ್ಲ.

ಆದದ್ದಿಷ್ಟು. ಹಿಂದಿನ ವಾರ ಫ್ರೀವೇಯಲ್ಲಿ ಪೊಲೀಸಿನವನು ಅವರನ್ನು ನಿಲ್ಲಿಸಿದ್ದ. ಕಾರು ಲೇನಿನೊಳಗೆ ಅತ್ತಿಂದಿತ್ತ ಓಲಾಡುತ್ತಿತ್ತು ಎಂದ. ಕುಡಿದಿದ್ದಾರೇನೋ ಎಂದು ನೋಡಿದ, ಇಲ್ಲ ಎಂದು ಖಾತ್ರಿಯಾದ ಮೇಲೆ ಬಹಳ ಮರ್ಯಾದೆಯಿಂದಲೇ ಮಾತಾಡಿದ. ಆದರೆ ಈ ವಯಸ್ಸಿನವರಿಗೆ ಮತ್ತೊಮ್ಮೆ ಡ್ರೈವಿಂಗ್ ಟೆಸ್ಟು ಆಗಲಿ ಎಂದು ಲೈಸೆನ್ಸ್ ಆಫೀಸಿಗೆ ತಿಳಿಸಿದ. ಪಾಸಾದರೆ ಲೈಸೆನ್ಸು ಉಳಿಯುತ್ತದೆ, ಇಲ್ಲದಿದ್ದರೆ ಅಲ್ಲಿಗೆ ಮುಗಿಯಿತು. ಆ ಬೆಟ್ಟದ ಬಡಾವಣೆಯಲ್ಲಿ ಕಾರಿಲ್ಲದವರು ಹಾಲು ತರಬೇಕಾದರೂ ಇನ್ನೊಬ್ಬರ ಮುಖ ನೋಡಬೇಕು. ಆ ಅಮ್ಮನನ್ನು ನೋಡಿದರೆ ಯಾರ ಮುಖವನ್ನೂ ನೋಡಿದ ಹೆಂಗಸಲ್ಲ ಎಂದು ಗೊತ್ತಾಗುತ್ತಿತ್ತು.

ಕಾರನ್ನು ಲಿಫ್ಟಿಗೇರಿಸಿದೆ. ಮುಂದಿನ ಬಲಚಕ್ರವನ್ನು ಮೇಲೊಂದು ಕೈ ಕೆಳಗೊಂದು ಕೈ ಹಿಡಿದು ಅಲ್ಲಾಡಿಸಿದರೆ ಟಕ್ ಟಕ್ ಎಂದು ಸದ್ದು. ಚಕ್ರವನ್ನು ಹಿಡಿದಿರುವ ಎರಡು ಕಬ್ಬಿಣದ ತೋಳುಗಳಿರುತ್ತವೆ, ಮೇಲೊಂದು ಕೆಳಗೊಂದು. ನಾವು ಆರ್ಮು ಎನ್ನುತ್ತೇವೆ. ಆರ್ಮು ಕಾರಿನ ಅಡಿಯ ಚೌಕಟ್ಟಿಗೆ, ಅಂದರೆ ಚಾಸಿಗೆ, ಸೇರುವ ಕಡೆ ಬಳೆಯಂಥ ರಬ್ಬರಿನ ಬುಷ್ಷು. ರಸ್ತೆಯ ಹಳ್ಳ ದಿಣ್ಣೆಗೆ ಆರ್ಮು ಮೇಲೆ ಕೆಳಗೆ ಆಡಿದಂತೆ ಆ ರಬ್ಬರು ತಿರುಚಿಕೊಂಡು ಮತ್ತೆ ತನ್ನ ಜಾಗಕ್ಕೆ ಬರುತ್ತದೆ. ಈ ಕಾರಿನ ಕೆಳಗಿನ ಬುಷ್ಷಿಗೆ ಸ್ಕ್ರೂಡ್ರೈವರ್ ತಾಗಿಸಿದ್ದೇ ತಡ, ಒಣಗಿದ ರಾಗಿರೊಟ್ಟಿಯ ಹಾಗೆ ಪುಡಿ ಉದುರಿತು. ಇಂಥ ಬುಷ್ಷಿದ್ದರೆ ಚಕ್ರ ತನಗೆ ಬೇಕಾದ ದಾರಿ ಹಿಡಿಯುತ್ತದೆ, ಸ್ಟೀರಿಂಗು ಹಿಡಿದವರನ್ನು ಕೇಳುವುದಿಲ್ಲ.

"ಕಾರಿಂದೇ ಅಲ್ವಾ?" ಎಂದರು ಅಮ್ಮ ಕೆಳಗೆ ನಿಂತು.

"ಕಾರಿಂದೇ ಅಮ್ಮ."

"ಸರಿಯಾಗಿ ನೋಡಿ ಹೇಳು."

"ನೋಡೇ ಹೇಳ್ತಿರೋದು. ನೀವೇ ನೋಡಿ, ಹೆಂಗೆ ಉದುರ್ತಾ ಇದೆ."

ಕತ್ತೆತ್ತಿ ನೋಡಿದರು. ಹೊರಡುವಾಗ ಬಾಗಿಲಲ್ಲಿ ನಿಂತು ಮತ್ತೆ ಅದನ್ನೇ ಕೇಳಿದರು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ವಯಸ್ಸಾದವರು ಕೇಳಿದ್ದನ್ನೇ ಕೇಳುತ್ತಾರೆ ಎಂದುಕೊಂಡು "ಹೌದಮ್ಮ, ಹೌದು" ಎಂದು ತಳ್ಳಿಹಾಕಿದೆ.

ನನ್ನ ಪಾಲುದಾರ ಮಂಡ್ಯದವನು. ಹತ್ತಿರದ ಊರಾದ ಪ್ಲೆಸೆಂಟನ್ನಿನ ಕಂಪನಿಯಲ್ಲಿ ಕಂಪ್ಯೂಟರ್ ಮುಂದೆ ಕೂತು ಸಾಕಾಗಿ ನನ್ನ ಜೊತೆ ಗ್ರೀಸಿಗೆ ಕೈ ಹಾಕಿದವನು. ನಾನು ಅವನನ್ನು ಗೌಡ್ರೇ ಎನ್ನುತ್ತೇನೆ, ಅವನು ನನ್ನನ್ನು ಭಾಯಿ ಎನ್ನುತ್ತಾನೆ. ಕೆಲಸ ಮಾಡುವಾಗ ಕಂಪನಿಯ ರಿಪೇರಿ ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡು ಸಾಲು ಸಾಲಾಗಿ ಗಟ್ಟಿಯಾಗಿ ಓದುವುದು ಅವನ ಅಭ್ಯಾಸ. ಪೂಜೆಗೆ ಮಂತ್ರ ಹೇಳಿದ ಹಾಗಿರುತ್ತದೆ. ನಾನು ರೇಗಿಸುತ್ತೇನೆ, ಆದರೆ ಅದು ನಿಂತರೆ ಕೈ ಓಡುವುದಿಲ್ಲ.

ಮುಂಭಾಗವನ್ನೆಲ್ಲ ಬಿಚ್ಚಿ ನೆಲದ ಮೇಲೆ ಹರಡಿದ ದಿನ ಅಮ್ಮನ ಜೊತೆ ಅವರ ಮಗ ಬಂದರು. ಇಲ್ಲೇ ಹುಟ್ಟಿದವರು, ಐವತ್ತರ ಆಸುಪಾಸು. ತಾಯಿ ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾರೆ. ನೆಲದ ಮೇಲಿದ್ದ ತುಕ್ಕು ಹಿಡಿದ ಆರ್ಮುಗಳನ್ನೂ ನಮ್ಮ ಕಪ್ಪು ಕೈಗಳನ್ನೂ ನೋಡಿ ಅವರಿಗೆ ಧೈರ್ಯ ಬಂದಂತೆ ಕಾಣಲಿಲ್ಲ.

"ಅಮ್ಮಾ, ಯೂ ಕ್ಯಾನ್ ಟೇಕ್ ದ ಟೆಸ್ಟ್ ಇನ್ ಮೈ ಕಾರ್" ಎಂದರು.

"ನಿನ್ನ ಕಾರು ತಾನೇ ದಾರಿ ನೋಡ್ಕೊಳತ್ತೆ, ತಾನೇ ನಿಲ್ಲತ್ತೆ. ಅದ್ರಲ್ಲಿ ನಾನು ಕೂತ್ರೆ ಪಾಸಾಗೋದು ಅದು, ನಾನಲ್ಲ" ಎಂದರು ಅಮ್ಮ. "ಓಲಾಡಿದ್ದು ಈ ಕಾರು. ನೇರ ಹೋಗ್ಬೇಕಾದ್ದೂ ಈ ಕಾರೇ."

ಮಗ ನನ್ನನ್ನು ಪಕ್ಕಕ್ಕೆ ಕರೆದು, ಟೆಸ್ಟಿನ ಹೊತ್ತಿಗೆ ಇದು ಮುಗಿಯದಿದ್ದರೆ ಒಳ್ಳೆಯದೇ ಆಯಿತು, ಹಾಗಾದರೂ ಅವರು ಓಡಿಸುವುದು ಬಿಟ್ಟಾರು ಎಂದು ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದರು. ಕೆಟ್ಟ ಮನುಷ್ಯರಲ್ಲ, ತಾಯಿಗೆ ಏನಾದರೂ ಆದೀತೆಂಬ ಹೆದರಿಕೆ. ಆದರೂ ನನಗೆ ಉರಿದುಹೋಯಿತು. ಅವತ್ತೇ ತೀರ್ಮಾನ ಮಾಡಿದೆ, ಈ ಕಾರು ಟೆಸ್ಟಿನ ದಿನ ಗೆರೆ ಎಳೆದಂತೆ ನೇರ ಹೋಗಬೇಕು. ಟೆಸ್ಟು ಬಿದ್ದಿದ್ದು ವಿಜಯದಶಮಿಯ ಬೆಳಿಗ್ಗೆ, ಆಫೀಸು ತೆರೆದ ಕೂಡಲೇ.

ಬುಷ್ಷು ಕೂರಿಸುವುದರಲ್ಲೇ ಮೊದಲ ಪೆಟ್ಟು ತಿಂದೆವು. ಹೊಸ ಬುಷ್ಷಿನ ಹೊರಗೆ ಉಕ್ಕಿನ ಕವಚ, ಅದನ್ನು ಆರ್ಮಿನ ತುದಿಯ ತೂತಾದ ಕಿವಿಯೊಳಗೆ ಪ್ರೆಸ್ಸಿನಿಂದ ಒತ್ತಿ ಕೂರಿಸಬೇಕು. ತಣ್ಣಗಾದರೆ ಕೂದಲೆಳೆಯಷ್ಟು ಕುಗ್ಗುತ್ತದೆ ಎಂದು ಫ್ರೀಜರಿನಲ್ಲಿ ಗೌಡನ ಮೊಸರನ್ನದ ಡಬ್ಬಿಯ ಪಕ್ಕ ಇಟ್ಟಿದ್ದೆವು. ತೆಗೆದು ಒತ್ತಿದರೆ ಬುಷ್ಷು ಹೋಗುವ ಬದಲು ಆರ್ಮಿನ ಕಿವಿಯೇ ಬಾಗತೊಡಗಿತು. ಬುಷ್ಷು ಓರೆಯಾಗಿ ಸಿಕ್ಕಿಕೊಂಡು ಕವಚ ಸೀಳಿತು. ಬಿಸಾಡಿದೆವು. ಬೇರೆಯದನ್ನು ತರಿಸಿ, ಎರಡು ಕಿವಿಗಳ ನಡುವೆ ಅಳತೆಗೆ ಕೊಯ್ದ ದಪ್ಪ ಪೈಪಿನ ತುಂಡನ್ನು ಒತ್ತಾಗಿ ಕೊಟ್ಟು, ಮತ್ತೆ ಒತ್ತಿದೆವು. ಈ ಸಲ ಬುಷ್ಷು ಗುರುಗುಟ್ಟುತ್ತಾ ಒಳಗಿಳಿದು ಟಪ್ಪೆಂದು ತಳ ಸೇರಿತು. ಗೌಡ ಮೊಸರನ್ನ ತೆಗೆದು ನೋಡಿದ, ಕಲ್ಲಾಗಿತ್ತು.

ಆಮೇಲೆ ಸ್ಪ್ರಿಂಗು. ಹಳೆಯವೇ ಗಟ್ಟಿಯಾಗಿದ್ದವು, ತೊಳೆದು ಅವನ್ನೇ ಹಾಕುವುದೆಂದಾಯಿತು. ಈ ಕಾರಿನ ಸ್ಪ್ರಿಂಗು ಮೊಣಕೈಯಿಂದ ಬೆರಳಿನ ತುದಿಯವರೆಗಿನ ಉದ್ದ. ಅದನ್ನು ಅದುಮಿ ಚಾಸಿಗೂ ಕೆಳಗಿನ ಆರ್ಮಿಗೂ ನಡುವೆ ಕೂರಿಸಬೇಕು. ಅದುಮಿದ ಸ್ಪ್ರಿಂಗು ಕೈತಪ್ಪಿದರೆ ಮುಂದೆ ನಿಂತವರ ಎದೆಗೂಡು ಉಳಿಯುವುದಿಲ್ಲ. ಅದಕ್ಕೇ ಸರಪಳಿಯಿಂದ ಚಾಸಿಗೆ ಬಿಗಿದು, ಜಾಕನ್ನು ಆರ್ಮಿನ ಕೆಳಗೆ ಕೊಟ್ಟು ಒಂದೊಂದೇ ಒತ್ತು ಏರಿಸಿದೆ. ಗೌಡ ಪಕ್ಕದಲ್ಲಿ ನಿಂತು ಓದಿದ: ಸ್ಪ್ರಿಂಗಿನ ತುದಿ ಆರ್ಮಿನ ಗುಂಡಿಯಲ್ಲಿರುವ ಒಂದು ತೂತನ್ನು ಮುಚ್ಚಬೇಕು, ಇನ್ನೊಂದನ್ನು ತೆರೆದಿಟ್ಟಿರಬೇಕು. ಪೂರ್ತಿ ಅದುಮಿ, ಆರ್ಮನ್ನು ಚಕ್ರದ ಕಡೆಗೆ ಸೇರಿಸುವ ಬಾಲ್ ಜಾಯಿಂಟನ್ನೂ ಸೇರಿಸಿ ಟಾರ್ಚು ಬಿಟ್ಟು ನೋಡಿದರೆ ಎರಡು ತೂತೂ ತೆರೆದು ನನ್ನನ್ನೇ ನೋಡುತ್ತಿದ್ದವು.

"ಒಂದಿಂಚು ಆಚೆ ಐತೆ ಅಷ್ಟೇ. ಬುಡಿ ಭಾಯಿ, ಓಡಾಡ್ತಾ ಕೂತ್ಕತದೆ" ಎಂದ ಗೌಡ. ಬೆವರು ಅವನ ಕನ್ನಡಕದ ಮೇಲೆ ಹನಿಯುತ್ತಿತ್ತು.

"ಅದು ಕೂತ್ಕೊಳ್ಳೋವರೆಗೂ ಅಮ್ಮ ಎಲ್ಲಿ ಕೂತಿರ್ಬೇಕು? ಬಿಚ್ಚು" ಎಂದೆ.

ಬಿಚ್ಚಿದೆವು. ಜಾಕನ್ನು ಅಷ್ಟೇ ನಿಧಾನವಾಗಿ ಇಳಿಸಿ, ಸ್ಪ್ರಿಂಗನ್ನು ತಿರುಗಿಸಿ, ಮತ್ತೆ ಏರಿಸಿ. ಎಡಭಾಗದ್ದು ಒಂದೇ ಸಲಕ್ಕೆ ಕೂತಿತು, ಬಲಭಾಗದ್ದು ನಮ್ಮನ್ನು ಇನ್ನೊಮ್ಮೆ ಆಟವಾಡಿಸಿತು. ಬಾಲ್ ಜಾಯಿಂಟಿನ ನಟ್ಟು ಬಿಗಿದು ಅದು ಬಿಚ್ಚಿಕೊಳ್ಳದಂತೆ ಪಿನ್ನು ತೂರಿಸಿ ಅದರ ಕಾಲು ಮಡಿಸಿದೆ. ಚಕ್ರದ ಓರೆ ಸರಿಹೊಂದಿಸಲು ಮೇಲಿನ ಆರ್ಮಿನ ಹಿಂದೆ ಮೊದಲಿದ್ದ ತೆಳು ತಗಡುಗಳನ್ನು ಗೌಡ ಒಂದೊಂದಾಗಿ ಗುರುತು ಮಾಡಿಟ್ಟಿದ್ದ, ಯಾವುದು ಎಲ್ಲಿತ್ತೋ ಅಲ್ಲಿಗೇ ಹಾಕಿದೆವು. ಅಮ್ಮ ದಿನವೂ ಫೋನು ಮಾಡುತ್ತಿದ್ದರು. ಎಲ್ಲಿಗೆ ಬಂತು ಎಂದು ಕೇಳಿ ಕೊನೆಗೆ ಅದೇ ಪ್ರಶ್ನೆ.

"ಕಾರಿಂದೇ ಅಲ್ವಾ?"

"ಹೌದಮ್ಮ" ಎಂದು ಇಡುತ್ತಿದ್ದೆ.

ಹೀಗೆ ಆಯುಧಪೂಜೆಯ ದಿನ ಬಂತು.

ನಾನು ಮೈಸೂರಿನ ಮುಸಲ್ಮಾನ. ನಮ್ಮಪ್ಪನ ಗ್ಯಾರೇಜಿನಲ್ಲಿ ಆಯುಧಪೂಜೆ ತಪ್ಪಿದ ವರ್ಷವಿಲ್ಲ. ಆರತಿ ಎತ್ತುವುದು ಕೆಲಸದವರು. ಅಪ್ಪ ತಲೆಗೆ ಟೋಪಿ ಹಾಕಿಕೊಂಡು ಕಡ್ಲೆಪುರಿಯ ಮೂಟೆಯ ಪಕ್ಕ ನಿಂತು ಬಂದವರಿಗೆಲ್ಲ ಬೊಗಸೆ ತುಂಬ ಹಂಚುತ್ತಿದ್ದರು. ಅವರಿಗೆ ಎರಡು ಕಟ್ಟಳೆ. ಪೂಜೆಯ ಹೊತ್ತಿಗೆ ಗ್ಯಾರೇಜಿನಲ್ಲಿ ಅರ್ಧ ಬಿಚ್ಚಿದ ಗಾಡಿ ಇರಕೂಡದು. ಕುಂಕುಮ ಬಿದ್ದ ಮೇಲೆ ಮಾರನೆಯ ಬೆಳಿಗ್ಗೆಯವರೆಗೆ ಒಂದು ಸ್ಪ್ಯಾನರನ್ನೂ ಯಾರೂ ಮುಟ್ಟಕೂಡದು. "ಇವತ್ತೊಂದು ದಿನ ಕಬ್ಬಿಣಕ್ಕೂ ರಜ" ಎನ್ನುತ್ತಿದ್ದರು. ಕೆಲಸದವರು ಮರೆತರೂ ಅಪ್ಪ ಮರೆಯುತ್ತಿರಲಿಲ್ಲ. ಸ್ಯಾನ್ ಹೋಸೆಯ ಈ ಶೆಡ್ಡಿಗೂ ಆ ಎರಡು ಕಟ್ಟಳೆಗಳನ್ನು ನಾನು ಹಾಗೇ ತಂದಿದ್ದೇನೆ.

ಆ ಬೆಳಿಗ್ಗೆ ಕಾರು ಇನ್ನೂ ಲಿಫ್ಟಿನ ಮೇಲಿತ್ತು. ಆರ್ಮುಗಳ ಬೋಲ್ಟುಗಳಿಗೆ ಕೊನೆಯ ಬಿಗಿತವೊಂದು ಬಾಕಿ. ಮಧ್ಯಾಹ್ನ ಪೂಜೆ. ಗೌಡ ಬೂದುಗುಂಬಳ, ಹೂವು, ಕಡ್ಲೆಪುರಿ ತರಲು ಇಂಡಿಯನ್ ಅಂಗಡಿಗೆ ಹೋಗಿದ್ದ. ಪೂಜೆಯ ಹೊತ್ತಿಗೆ ಗಾಡಿ ಅರ್ಧ ಇರಬಾರದು ಎಂಬುದೊಂದೇ ನನ್ನ ತಲೆಯಲ್ಲಿ. ಚಕ್ರಗಳು ಗಾಳಿಯಲ್ಲಿ ಜೋತಾಡುತ್ತಿರುವಾಗಲೇ ಎಲ್ಲ ಬೋಲ್ಟುಗಳನ್ನೂ ಬಿಗಿತ ಅಳೆಯುವ ಟಾರ್ಕ್ ರೆಂಚು ಟಿಕ್ ಎನ್ನುವವರೆಗೆ ಬಿಗಿದುಬಿಟ್ಟೆ. ನೆಲಕ್ಕಿಳಿಸಿ, ಹಿಂದಿನ ಚಕ್ರದಿಂದ ಮುಂದಿನ ಚಕ್ರಕ್ಕೆ ದಾರ ಎಳೆದು ದಿಕ್ಕು ಸರಿಮಾಡಿದೆ. ಟೂಲುಗಳನ್ನೆಲ್ಲ ಒರೆಸಿ ಮೇಜಿನ ಮೇಲೆ ಕೆಂಪು ಬಟ್ಟೆ ಹಾಸಿ ಜೋಡಿಸಿದೆ. ನಡುವೆ, ಎಲ್ಲಕ್ಕಿಂತ ಮುಂದೆ, ಅಪ್ಪ ಕುಲುಮೆಯಲ್ಲಿ ಕಾಯಿಸಿ ತಾವೇ ಬಗ್ಗಿಸಿದ ಡೊಂಕು ಸ್ಪ್ಯಾನರು.

ಗೌಡ ಬಂದ. ಕೈಯಲ್ಲಿ ಹ್ಯಾಲೊವೀನಿನ ಕಿತ್ತಲೆ ಬಣ್ಣದ ಕುಂಬಳ.

"ಬೂದ್ಗುಂಬಳ ಒಂದೂ ಇಲ್ವೇ ಇಲ್ಲ ಅಂದ್ರು ಭಾಯಿ. ಊರೋರೆಲ್ಲ ಬೆಳಿಗ್ಗೇನೇ ಹೊತ್ಕೊಂಡೋಗವ್ರೆ. ಇದ್ರಲ್ಲೇ ಮಾಡವಾ."

ಅಮ್ಮ ರೇಷ್ಮೆ ಸೀರೆ ಉಟ್ಟು ಅದೇ ಓಡುವ ಶೂ ಹಾಕಿಕೊಂಡು ಬಂದಿದ್ದರು. ಅವರೇ ಆರತಿ ಮಾಡಿದರು, ಟೂಲುಗಳಿಗೆ ಕುಂಕುಮವಿಟ್ಟರು, ಡೊಂಕು ಸ್ಪ್ಯಾನರಿನ ಮೇಲೆ ಒಂದು ಸೇವಂತಿಗೆ ಹೆಚ್ಚಿಗೆ ಇಟ್ಟರು. ಪಕ್ಕದ ಟೈರ್ ಅಂಗಡಿಯ ಮೆಕ್ಸಿಕನ್ ಗೆಳೆಯ ಪ್ರತಿ ವರ್ಷದಂತೆ ಸಿಹಿಗೆ ಹಾಜರಿದ್ದ. ಕುಂಬಳಕ್ಕೆ ಕಣ್ಣು ಮೂಗು ಕೊರೆಯುತ್ತೀರಾ ಎಂದು ಕೇಳಿದ. ಗೌಡ ಅದನ್ನೆತ್ತಿ ನೆಲಕ್ಕೆ ಕುಕ್ಕಿದಾಗ ಹೌಹಾರಿದ. ನಾಲ್ಕೂ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟೆವು. ಅಮ್ಮ ಕೂತು ಕಾರು ಹೊರಡಿಸಿದರು, ನಿಂಬೆಹಣ್ಣು ಪಚಕ್ಕೆಂದವು, ಕಾರು ಅಂಗಳದಲ್ಲಿ ಒಂದು ಸುತ್ತು ಬಂದು ನಿಂತಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

ನಾನು ತಟ್ಟಲಿಲ್ಲ. ಕಾರಿನ ಮೂಗು ಎತ್ತರದಲ್ಲಿತ್ತು.

ಟೈರಿಗೂ ಮಡ್‌ಗಾರ್ಡಿಗೂ ನಡುವೆ ಮೊದಲು ನನ್ನ ಅಂಗೈ ಹಿಡಿಸುತ್ತಿತ್ತು. ಈಗ ಮುಷ್ಟಿಯೂ ಜೊತೆಗೆ ಹಿಡಿಸಿತು. ಸ್ಪ್ರಿಂಗು ಹಳೆಯದೇ, ಅದಕ್ಕೇಕೆ ಈಗ ಎದೆಯುಬ್ಬಿಸಿ ನಿಲ್ಲುವ ಹುಕಿ? ಬಂಪರು ಅದುಮಿ ಬಿಟ್ಟೆ. ಹಿತವಾಗಿ ಇಳಿದು ಏಳುವ ಬದಲು ಬಿಗಿದುಕೊಂಡು ಕಿರ್ರೆಂದಿತು. ಆಗ ಹೊಳೆಯಿತು.

ನನಗೆ ಗೊತ್ತಿಲ್ಲದ ಸಂಗತಿಯಲ್ಲ. ರಬ್ಬರ್ ಬುಷ್ಷಿನ ಬೋಲ್ಟನ್ನು ಕೊನೆಯದಾಗಿ ಬಿಗಿಯುವುದು ಚಕ್ರ ನೆಲಕ್ಕೂರಿ ಕಾರಿನ ಭಾರ ಅದರ ಮೇಲೆ ಬಿದ್ದ ಮೇಲೆ. ಜೋತಾಡುವಾಗ ಬಿಗಿದರೆ ರಬ್ಬರು ಆ ಜೋತಾಡುವ ಭಂಗಿಯನ್ನೇ ತನ್ನ ಜಾಗ ಎಂದು ಹಿಡಿಯುತ್ತದೆ. ಇಳಿಸಿದ ಮೇಲೆ ಹಿಂಡಿದ ಟವೆಲಿನ ಹಾಗೆ ತಿರುಚಿಕೊಂಡೇ ಇರುತ್ತದೆ, ಕೆಲವೇ ತಿಂಗಳಲ್ಲಿ ಹರಿಯುತ್ತದೆ. ಆ ಸುಳ್ಳು ಎತ್ತರದಲ್ಲಿ ನಾನು ಎಳೆದ ದಾರದ ಲೆಕ್ಕವೂ ಸುಳ್ಳೇ. ಗೌಡ ಪಕ್ಕದಲ್ಲಿ ಓದುತ್ತಿದ್ದಿದ್ದರೆ ಆ ಸಾಲು ಕಿವಿಗೆ ಬೀಳುತ್ತಿತ್ತು. ಅವನು ಕುಂಬಳಕಾಯಿ ಹುಡುಕುತ್ತಿದ್ದ. ಪೂಜೆ ಚೆನ್ನಾಗಿ ಆಗಲಿ ಎಂಬ ಅವಸರದಲ್ಲಿ ನಾನು ಕೆಲಸ ಕೆಡಿಸಿದ್ದೆ.

ಗೌಡನಿಗೆ ಮೆಲ್ಲಗೆ ಹೇಳಿದೆ.  ಅವನು ಹೇಳಿದ್ದು ತಪ್ಪೆನಿಸಲಿಲ್ಲ.

"ನಾಳೆ ಟೆಸ್ಟೊಂದು ಆಗೋಗ್ಲಿ ಭಾಯಿ. ಹತ್ತು ನಿಮಿಷ ಓಡ್ಸದು ತಾನೆ, ಏನಾಗಕಿಲ್ಲ. ನಾಡಿದ್ದು ನಿಧಾನ್ಕೆ ಬಿಚ್ಚಿ ಮಾಡವಾ."

ಹೂಂ ಎನ್ನಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಅಮ್ಮ ಕಾರಿನಿಂದಿಳಿದು ಹತ್ತಿರ ಬಂದರು.

"ಏನದು ಗುಸುಗುಸು? ವಾರ್ಡಲ್ಲಿ ಡಾಕ್ಟ್ರು ಹಿಂಗೇ ಮಾತಾಡೋರು, ಪೇಷೆಂಟ್ ಗತಿ ಕೆಟ್ಟಿದ್ರೆ."

ಅವರಿಗೆ ಸುಳ್ಳು ಹೇಳಲಾಗಲಿಲ್ಲ. ಆದದ್ದನ್ನೆಲ್ಲ ಹೇಳಿದೆ, ತಪ್ಪು ನನ್ನದೇ ಎಂದೆ. "ನಾಳೆ ನೇರ ಹೋಗ್ಬಹುದು ಅಮ್ಮ. ಆದ್ರೆ ಬ್ರೇಕ್ ಒತ್ತಿದಾಗ ಒಂದ್ ಕಡೆಗೆ ಎಳೆದ್ರೂ ಎಳೀಬಹುದು. ಖಾತ್ರಿ ಹೇಳಕ್ಕಾಗಲ್ಲ."

ಅಮ್ಮ ಬಾಗಿ ಮುಂದಿನ ಚಕ್ರವನ್ನು ನೋಡಿದರು. ಆಮೇಲೆ, "ನಾಳೆ ಎಳೆದ್ರೆ, ಎಳೆದಿದ್ದು ಯಾರು ಅಂತ ಬರ್ಕೋತಾರೆ ಆ ಆಫೀಸಲ್ಲಿ?" ಎಂದರು.

ನಾನು ಇನ್ನೊಮ್ಮೆ ಬಂಪರು ಅದುಮಿ ಬಿಟ್ಟೆ. ಮತ್ತೆ ಕಿರ್ರೆಂದಿತು.

"ಹಂಗಾದ್ರೆ ಈಗ್ಲೇ ಮಾಡು" ಎಂದರು ಅಮ್ಮ.

ಮೇಜಿನ ಕಡೆ ನೋಡಿದೆ. ಕುಂಕುಮ, ಹೂವು, ಇನ್ನೂ ಹೊಗೆಯಾಡುತ್ತಿದ್ದ ಊದುಬತ್ತಿ. ಗೌಡ ನನ್ನ ಕಣ್ಣು ಹೋದ ಕಡೆ ನೋಡಿ ಅರ್ಥ ಮಾಡಿಕೊಂಡ. ತನಗೇನೂ ಅಂಥ ನೇಮವಿಲ್ಲ, ಆದರೆ ಭಾಯಿಯ ಅಪ್ಪನ ಮಾತು ಎಂದು ಅವನಿಗೂ ಗೊತ್ತು. "ತಡೀರಿ" ಎಂದು ಪಕ್ಕದ ಅಂಗಡಿಗೆ ಓಡಿದ. ಟೈರ್ ಅಂಗಡಿಯ ಗೆಳೆಯ ತನ್ನ ಟಾರ್ಕ್ ರೆಂಚು, ಒಂದು ಡಬ್ಬಿ ಸ್ಪ್ಯಾನರು ಎಲ್ಲ ಕೊಟ್ಟು ತಾನೂ ಬಂದ. ಆ ಟೂಲುಗಳಿಗೆ ಕುಂಕುಮ ಬಿದ್ದಿರಲಿಲ್ಲ. ಅಪ್ಪನ ಕಟ್ಟಳೆಯೂ ಉಳಿಯಿತು, ಕೆಲಸವೂ ಆಯಿತು ಎಂದುಕೊಂಡೆವು.

ದಪ್ಪ ಮರದ ದಿಮ್ಮಿಗಳ ಮೇಲೆ ಕಾರು ಹತ್ತಿಸಿ ನಿಲ್ಲಿಸಿದೆವು, ನಾಲ್ಕೂ ಚಕ್ರದ ಮೇಲೆ ಭಾರ ಬೀಳುವಂತೆ. ಮೇಲಿನ ಆರ್ಮಿನ ನಟ್ಟುಗಳು ಬಾನೆಟ್ಟಿನ ಒಳಗಿನಿಂದಲೇ ಕೈಗೆ ಸಿಕ್ಕವು, ಸಡಿಲಿಸಿದೆ. ಬೆನ್ನ ಮೇಲೆ ಮಲಗಿ ಕಾರಿನಡಿ ತೂರಿದೆ. ಕೆಳಗಿನ ಆರ್ಮಿನ ನಟ್ಟಿಗೆ ರೆಂಚು ಕೂತಿತು. ಆದರೆ ಅದು ತಿರುಗುವಾಗ ಆ ಕಡೆಯ ಬೋಲ್ಟಿನ ತಲೆಯನ್ನು ಇನ್ನೊಂದು ಸ್ಪ್ಯಾನರಿನಿಂದ ಹಿಡಿದಿರಬೇಕು. ಆ ತಲೆ ಇರುವುದು ಸ್ಪ್ರಿಂಗಿನ ಗುಂಡಿಗೂ ಚಾಸಿನ ಅಡ್ಡಪಟ್ಟಿಗೂ ನಡುವಿನ ಸಂದಿಯಲ್ಲಿ. ಚಕ್ರ ಜೋತಾಡುವಾಗ ತೆರೆದಿರುವ ಆ ಸಂದಿ ಭಾರ ಬಿದ್ದಾಗ ಮುಚ್ಚಿಕೊಳ್ಳುತ್ತದೆ. ಗೆಳೆಯನ ನೆಟ್ಟನೆಯ ಸ್ಪ್ಯಾನರು ಒಂದೂ ಒಳಗೆ ಹೋಗಲಿಲ್ಲ. ತಿರುವಿ ಮುರುವಿ ನೋಡಿದೆ, ಗೆಣ್ಣು ಸುಲಿಯಿತು. ಅಲ್ಲಿಗೆ ಹೋಗುವ ಸ್ಪ್ಯಾನರು ನಾನು ಕಂಡಂತೆ ಒಂದೇ. ಅದು ಮೇಜಿನ ಮೇಲೆ ಸೇವಂತಿಗೆ ಹೊದ್ದು ಮಲಗಿತ್ತು.

ಹೊರಗೆ ಬಂದು ನೆಲದ ಮೇಲೆ ಕೂತೆ. "ಆಗಲ್ಲ ಅಮ್ಮ" ಎಂದೆ. "ಅದು ನಮ್ಮಪ್ಪಂದು. ಕುಂಕುಮ ಇಟ್ಟ ಮೇಲೆ ಅವತ್ತು ಮುಟ್ಟಿದ್ದೇ ಇಲ್ಲ ನಮ್ಮಲ್ಲಿ, ಅವರ ಕಾಲದಿಂದ."

"ಕುಂಕುಮ ಇಟ್ಟೋಳು ನಾನು ಕಣಪ್ಪಾ" ಎಂದರು ಅಮ್ಮ. ದನಿ ಏರಿಸಲಿಲ್ಲ. "ಹಾಸನದ ಆಸ್ಪತ್ರೇಲಿ ಆಯುಧಪೂಜೆ ದಿನ ಕತ್ತರಿ ಚಿಮಟಕ್ಕೆಲ್ಲ ಪೂಜೆ ಮಾಡೋರು ನಾವು. ಹೂವ ಇಟ್ಟು ಇನ್ನೂ ಕೈ ಮುಗೀತಿದ್ವಿ, ಹೆರಿಗೆ ಕೇಸು ಬಂತು. ಇವತ್ತು ಕತ್ತರಿಗೆ ರಜ, ನಾಳೆ ಹೆರು ಅನ್ನಕ್ಕಾಗ್ತಿತ್ತಾ? ಹೂವ ತೆಗೆದು, ಕುದಿಸಿ, ಕೈಗೆ ತಗೊಂಡ್ವಿ."

 ನನ್ನ ಸಿಟ್ಟೆಲ್ಲ ನನ್ನ ಮೇಲೇ ತಿರುಗಿತ್ತು. ಅಪ್ಪ ಕಬ್ಬಿಣಕ್ಕೆ ರಜ ಕೊಟ್ಟದ್ದು ಅದರ ಮೇಲಿನ ಗೌರವಕ್ಕೆ. ಅರೆಬರೆ ಕೆಲಸ ಮಾಡಿಸಿ ಅದಕ್ಕೆ ಹೂವಿಟ್ಟು ಮಲಗಿಸಿದರೆ ಎಂಥ ಗೌರವ? ನಾನು ಕಾಪಾಡುತ್ತಿದ್ದದ್ದು ಅಪ್ಪನ ಮಾತಿನ ಅರ್ಧವನ್ನು. ಗಾಡಿ ಅರ್ಧ ಇರಬಾರದು ಎಂಬ ಇನ್ನರ್ಧ ನನ್ನ ಎದುರಿಗೇ ದಿಮ್ಮಿಯ ಮೇಲೆ ನಿಂತಿತ್ತು.

ಎದ್ದು ಕೈ ತೊಳೆದುಕೊಂಡೆ. ಸೇವಂತಿಗೆಯನ್ನು ಪಕ್ಕಕ್ಕಿಟ್ಟು, ಬಿಸ್ಮಿಲ್ಲಾ ಎಂದು ಡೊಂಕು ಸ್ಪ್ಯಾನರು ಎತ್ತಿಕೊಂಡೆ. ಕುಂಕುಮ ಒರೆಸಲಿಲ್ಲ.

ಅದು ಆ ಸಂದಿಗೆ ಮನೆಗೆ ಬಂದಂತೆ ಹೋಗಿ ಕೂತಿತು. ಆ ಕಡೆಯಿಂದ ಗೌಡ ರೆಂಚು ತಿರುಗಿಸಿದ. ಬೋಲ್ಟು ಸಡಿಲಗೊಂಡದ್ದೇ ತಡ ಕಾರು ಒಮ್ಮೆ ನರಳಿ, ಉಸ್ಸಪ್ಪಾ ಎಂದು ಜಗಲಿಯ ಮೇಲೆ ಕೂತವರ ಹಾಗೆ ಮೂಗು ಕೆಳಗಿಳಿಸಿತು.  ಎರಡೂ ಕಡೆ ಸಡಿಲಿಸಿದ ಮೇಲೆ ಟೈರ್ ಅಂಗಡಿಯವನೂ ಅಮ್ಮನೂ ಬಂಪರಿನ ಮೇಲೆ ಕೈಯೂರಿ ಕಾರನ್ನು ಚೆನ್ನಾಗಿ ಕುಣಿಸಿದರು. ರೇಷ್ಮೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ "ಇನ್ನೂ ಒತ್ಲಾ? ಇನ್ನೂ?" ಎಂದು ಕೇಳುತ್ತಾ ಒತ್ತಿದರು. ರಬ್ಬರು ತನ್ನ ನಿಜವಾದ ಜಾಗ ಕಂಡುಕೊಂಡಿತು.

"ಓದು ಗೌಡ" ಎಂದೆ ಕೆಳಗಿನಿಂದ.

ಅವನು ಪುಸ್ತಕ ತಂದು, ಕಾರಿನ ಭಾರ ಚಕ್ರಗಳ ಮೇಲಿರುವಾಗ ಮಾತ್ರ ಎಂಬ ಸಾಲಿನಿಂದ ಶುರುಮಾಡಿ ಕೊನೆಯವರೆಗೂ ಓದಿದ. ಒಂದೊಂದೇ ಬೋಲ್ಟು ಟಿಕ್ ಎಂದಿತು. ಪಿನ್ನುಗಳನ್ನೆಲ್ಲ ಬೆರಳಿನಿಂದ ಮುಟ್ಟಿ ನೋಡಿದೆ. ದಿಮ್ಮಿಯಿಂದಿಳಿಸಿ ಮತ್ತೆ ದಾರ ಎಳೆದೆ. ಬೆಳಿಗ್ಗೆ ಸರಿ ಎಂದು ಬಿಟ್ಟಿದ್ದ ಬಲಚಕ್ರ ಕಣ್ಣಿಗೆ ಕಾಣುವಷ್ಟು ಹೊರಗೆ ನೋಡುತ್ತಿತ್ತು. ಅದೇ ಸ್ಥಿತಿಯಲ್ಲಿ ಟೆಸ್ಟಿಗೆ ಕಳಿಸುತ್ತಿದ್ದೆನಲ್ಲಾ ಎಂದುಕೊಂಡೆ. ಸರಿಮಾಡಿದೆ. ಟೈರಿಗೂ ಮಡ್‌ಗಾರ್ಡಿಗೂ ನಡುವೆ ಅಂಗೈ ಇಟ್ಟೆ, ಅಷ್ಟೇ ಹಿಡಿಸಿತು. ಸ್ಪ್ಯಾನರಿನ ಗ್ರೀಸು ಮಾತ್ರ ಒರೆಸಿ ಅದನ್ನು ಮತ್ತೆ ಕೆಂಪು ಬಟ್ಟೆಯ ಮೇಲೆ ಮಲಗಿಸಿ ಸೇವಂತಿಗೆ ಇಟ್ಟೆ. ಸಂಜೆಯ ಬಿಸಿಲು ಇನ್ನೂ ಅಂಗಳದಲ್ಲಿತ್ತು.

ಮಾರನೆಯ ಬೆಳಿಗ್ಗೆ ಲೈಸೆನ್ಸ್ ಆಫೀಸಿನ ಪಾರ್ಕಿಂಗಿನಲ್ಲಿ ನಾನೂ ಅಮ್ಮನ ಮಗನೂ ನಿಂತಿದ್ದೆವು. ಪರೀಕ್ಷೆ ಮಾಡುವವಳು ಚಿಕ್ಕ ವಯಸ್ಸಿನ ಹುಡುಗಿ. ಹಾರನ್, ಬ್ರೇಕ್ ಲೈಟು ನೋಡಿ, ಕೈಸನ್ನೆ ತೋರಿಸಲು ಹೇಳಿದಳು. ಅಮ್ಮ ಕಿಟಕಿಯಿಂದ ಕೈ ಚಾಚಿ ಎಡಕ್ಕೆ, ಬಲಕ್ಕೆ, ನಿಲ್ಲಿಸು ಎಂದು ಮೂರನ್ನೂ ಟ್ರಾಫಿಕ್ ಪೊಲೀಸಿನವರಿಗಿಂತ ಚೊಕ್ಕವಾಗಿ ತೋರಿಸಿದರು. ಕಾರು ಗೇಟು ದಾಟಿ ರಸ್ತೆಗಿಳಿದು ಕಣ್ಮರೆಯಾಯಿತು.

ಮಗ ಗೇಟಿನವರೆಗೆ ನಡೆದುಹೋಗಿ ವಾಪಸು ಬಂದರು. ಆಮೇಲೆ, "ಡು ಯೂ ರಿಯಲಿ ಥಿಂಕ್ ಇಟ್ ವಾಸ್ ದ ಕಾರ್?" ಎಂದರು. ಕೊಂಕು ಇರಲಿಲ್ಲ, ನಿಜವಾಗಿಯೂ ತಿಳಿಯಬೇಕಿತ್ತು. ನಾನು ಜೇಬಿನಿಂದ ಹಳೆಯ ಬುಷ್ಷು ತೆಗೆದು ಅವರ ಕೈಗೆ ಕೊಟ್ಟೆ. ಬೆರಳಿನಿಂದ ಒತ್ತಿದರು. ಕಪ್ಪು ಪುಡಿ ಅವರ ಬಿಳಿ ಶರಟಿನ ಮೇಲೆ ಉದುರಿತು. ಕೊಡವಿಕೊಳ್ಳಲಿಲ್ಲ, ಅದನ್ನೇ ನೋಡುತ್ತಾ ನಿಂತರು.

ಹಸಿರು ಕಾರು ವಾಪಸು ಬಂದು ಗೆರೆಗಳ ನಡುವೆ ನಿಂತಿತು. ಹುಡುಗಿ ಇಳಿದು ಏನೋ ಹೇಳಿ ನಕ್ಕು ಒಳಗೆ ಹೋದಳು. ಅಮ್ಮ ಇಳಿಯಲಿಲ್ಲ. ನಾನೇ ಕಿಟಕಿಯ ಹತ್ತಿರ ಹೋದೆ.

"ಏನಾಯ್ತಮ್ಮ?"

"ಪಾಸು" ಎಂದರು, ಅದೇನು ದೊಡ್ಡದಲ್ಲ ಎಂಬಂತೆ. ಎರಡೂ ಕೈ ಇನ್ನೂ ಸ್ಟೀರಿಂಗಿನ ಮೇಲಿದ್ದವು.  "ನೇರ ಹೋಯ್ತು ಕಣಪ್ಪಾ. ನಾನು ಎಲ್ಲಿ ನೋಡಿದ್ನೋ ಅಲ್ಲಿಗೇ ಹೋಯ್ತು." ಸೆರಗಿನಿಂದ ಕಣ್ಣು ಒತ್ತಿಕೊಂಡರು. "ನಂಗೇ ಅನುಮಾನ ಬಂದ್ಬಿಟ್ಟಿತ್ತು. ಎಲ್ರ ಹತ್ರನೂ ಕಾರು ಕಾರು ಅಂತಿದ್ದೆ. ಮನೇಲಿ ಒಬ್ಳೇ ಇದ್ದಾಗ ನೀರಿನ ಲೋಟ ಎತ್ತಿ ಹಿಡ್ದು ನೋಡ್ಕೋತಿದ್ದೆ, ಕೈ ಅಲ್ಲಾಡುತ್ತಾ ಅಂತ. ಅದಕ್ಕೇ ನಿನ್ನ ಅಷ್ಟು ಸಲ ಕೇಳಿದ್ದು."

 ಅವರು ಕೇಳಿದಾಗಲೆಲ್ಲ ಒಂದು ಹೂಂ ಎಸೆದು ನಾನು ಕೆಲಸಕ್ಕೆ ತಿರುಗಿದ್ದೆ.

"ಈಗ ಹೇಳು" ಎಂದರು. "ಕಾರಿಂದೇ ಅಲ್ವಾ?"

ಕಿಟಕಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಅವರ ಮುಖ ನೋಡಿದೆ. ಹಿಂದೆ ಮಗ ಬಂದು ನಿಂತದ್ದು ಗೊತ್ತಾಯಿತು. ನಾನು ಬಾಯಿ ತೆರೆಯುವುದರೊಳಗೆ ಅವರೇ ಉತ್ತರ ಕೊಟ್ಟರು, ತಡವರಿಸುತ್ತಾ, ಕನ್ನಡದಲ್ಲಿ.

"ಕಾರಿಂದೇ, ಅಮ್ಮಾ."